ಅರಿ ಅಳೆದ ರಾಣಿ

ಪುಂಜಾಲಕಟ್ಟೆಯಲ್ಲಿ ಆ ಒಂದು ಮಾತು ಬಾಯಿಂದ ಜಾರುವವರೆಗೆ ಪೂವಮ್ಮನಿಗೆ ಮಾತಿನ ಹೆದರಿಕೆ ಇರಲಿಲ್ಲ.

ನೆರಿಯದಲ್ಲಿ ಬದ್ರುದ್ದೀನರ ರಬ್ಬರ್ ತೋಟದ ಟ್ಯಾಪಿಂಗ್, ಅಂದರೆ ಮರ ಕೆತ್ತಿ ಹಾಲು ಇಳಿಸುವ ಕೆಲಸ, ಅವಳದ್ದು. ವಯಸ್ಸು ಐವತ್ತೇಳು. ಮೂವತ್ತು ದಾಟಿದ ಮೇಲೆ, ಶೀನಪ್ಪ ಮಾಸ್ಟ್ರು ಊರಿನ ಶಾಲೆಯಲ್ಲಿ ನಡೆಸುತ್ತಿದ್ದ ರಾತ್ರಿ ತರಗತಿಗೆ ಹೋಗಿ ಅಕ್ಷರ ಕಲಿತವಳು. ಅಕ್ಷರ ಬಂದ ಮೇಲೆ ಮೊದಲು ಬಸ್ಸಿನ ಬೋರ್ಡು ಓದಿದಳು, ಆಮೇಲೆ ಅಕ್ಕಿ ಚೀಲದ ಮೇಲೆ ಬರೆದದ್ದು ಓದಿದಳು, ಕೊನೆಗೆ ಮಾಸ್ಟ್ರ ಮನೆಯ ಕಪಾಟಿನಲ್ಲಿದ್ದ ಯಕ್ಷಗಾನ ಪ್ರಸಂಗದ ಪುಸ್ತಕಗಳನ್ನು ಒಂದೊಂದಾಗಿ ಓದಿ ಮುಗಿಸಿದಳು. ಮಾಸ್ಟ್ರು ನಿವೃತ್ತರಾಗಿ ಬೆಳ್ತಂಗಡಿಯಲ್ಲಿ ಮನೆ ಮಾಡಿ, ಅಲ್ಲಿ ಹೆಂಗಸರದ್ದೇ ಒಂದು ತಾಳಮದ್ದಳೆ ಕೂಟ ಕಟ್ಟಿದಾಗ ಮೊದಲು ಕರೆದದ್ದು ಅವಳನ್ನೇ.

ತಾಳಮದ್ದಳೆ ಎಂದರೆ ವೇಷ ಇಲ್ಲದ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ. ಹಾಡು ನಿಲ್ಲುತ್ತದೆ. ಎದುರು ಕೂತವರು ಆ ಪದಕ್ಕೆ ಅರ್ಥ ಹೇಳಬೇಕು, ಅಂದರೆ ರಾಜನಾಗಿ, ರಾಣಿಯಾಗಿ, ಮಂತ್ರಿಯಾಗಿ ಅಲ್ಲೇ ಹುಟ್ಟಿಸಿ ಮಾತಾಡಬೇಕು. ಬರೆದಿಟ್ಟ ಮಾತು ಯಾವುದೂ ಇರುವುದಿಲ್ಲ. ಮಾತಾಡುವುದು ಶುದ್ಧ ಕನ್ನಡ. ನಡುವೆ ಒಂದು ಇಂಗ್ಲಿಷ್ ಶಬ್ದ ನುಸುಳಿದರೆ ಸಭೆ ನಗುತ್ತದೆ, ತುಳು ಶಬ್ದ ನುಸುಳಿದರೆ ಇನ್ನೂ ಜೋರಾಗಿ ನಗುತ್ತದೆ. ಸಭೆಯಲ್ಲಿ ಕೂತವರು ಎಲ್ಲರೂ ಮನೆಯಲ್ಲಿ ತುಳು ಮಾತಾಡುವವರೇ ಆದರೂ ಹಾಗೆಯೇ.

ಪೂವಮ್ಮನಿಗೆ ಅದು ಹಿಡಿಸಿತ್ತು. ಮನೆಯಲ್ಲಿ ಅವಳು ಒಂದು ಮಾತು ಶುರು ಮಾಡಿದರೆ ಗಂಡ ತುಕ್ರಪ್ಪ ಅದನ್ನು ಮುಗಿಸುತ್ತಿದ್ದ. ತೋಟದಲ್ಲಂತೂ ಮಾತಿಗೆ ಜನವೇ ಇಲ್ಲ. ಕೂಟದಲ್ಲಿ ರಾಣಿ ಮಾತಾಡುವಾಗ ರಾಜನೂ ಸುಮ್ಮನೆ ಕೂರಬೇಕು. ಕಾಲು ಗಂಟೆ, ಇಪ್ಪತ್ತು ನಿಮಿಷ, ಯಾರೂ ನಡುವೆ ಬಾಯಿ ಹಾಕುವ ಹಾಗಿಲ್ಲ. ಐವತ್ತೇಳು ವರ್ಷದಲ್ಲಿ ಅವಳಿಗೆ ಅಷ್ಟು ಹೊತ್ತು ಬೇರೆ ಯಾರೂ ಕೊಟ್ಟಿರಲಿಲ್ಲ.

ಪುಂಜಾಲಕಟ್ಟೆಯಲ್ಲಿ ಜನವರಿಯ ಒಂದು ಭಾನುವಾರ ಮಧ್ಯಾಹ್ನ ಕೂಟ ಇತ್ತು. ಪ್ರಸಂಗ ಮಾಸ್ಟ್ರೇ ಹೊಸತಾಗಿ ಬರೆದದ್ದು. ರಾಣಿಯೊಬ್ಬಳು ಇದ್ದ ಒಬ್ಬನೇ ಮಗನನ್ನು ಯುದ್ಧಕ್ಕೆ ಕಳಿಸುವ ಕಥೆ. ಪೂವಮ್ಮ ರಾಣಿ. ಮಗನಾಗಿ ಕೂತವಳು ಜಲಜಾಕ್ಷಿ, ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಸುಧಾರಿಸಿದವಳು, ಮಾತಿಗೆ ಬರಗಾಲ ಇಲ್ಲದವಳು. ಭಾಗವತಿಕೆ ಸುರಕ್ಷಾ ಎಂಬ ಹುಡುಗಿಯದ್ದು. ಅವಳು ಕಣ್ಣು ಮುಚ್ಚಿ ಹಾಡಿದಳು:

“ಅರಿಕುಲವನಳಿದು ಬಾರೈ ಕಂದಾ…”

ಅರಿ ಎಂದರೆ ವೈರಿ. ವೈರಿಗಳ ಕುಲವನ್ನು ಅಳಿಸಿ ಬಾ ಮಗನೇ ಎಂದು ಪದದ ಅರ್ಥ. ಪೂವಮ್ಮನಿಗೆ ಅದು ಗೊತ್ತಿತ್ತು. ನಿಘಂಟು ನೋಡಿ ಬರೆದುಕೊಂಡಿದ್ದಳು. ಆದರೆ ತುಳುವಿನಲ್ಲಿ ಅರಿ ಎಂದರೆ ಅಕ್ಕಿ. ಆ ಅಕ್ಕಿಯನ್ನು ಅವಳು ಒಂಬತ್ತನೇ ವರ್ಷದಿಂದ ದಿನಾ ಅಳೆದು ಒಲೆಗೆ ಹಾಕುತ್ತಿದ್ದವಳು. ನಾಲಿಗೆಗೆ ನಿಘಂಟು ಗೊತ್ತಿಲ್ಲ, ಅದಕ್ಕೆ ಅಭ್ಯಾಸ ಮಾತ್ರ ಗೊತ್ತು. ಅವಳು ಬೆನ್ನು ನೆಟ್ಟಗೆ ಮಾಡಿ, ದೊಡ್ಡ ಸ್ವರದಲ್ಲಿ ಹೇಳಿದಳು:

“ಮಗನೇ, ಹೋಗು. ಅರಿಯನ್ನು ಅಳೆದು ಬಾ!”

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಕೂಗಿದ: “ಎಷ್ಟು ಸೇರು ಅಕ್ಕಾ?”

ಚಪ್ಪರ ಹಾರಿ ಹೋಗುವ ಹಾಗೆ ಜನ ನಕ್ಕರು. ಮದ್ದಳೆಗೆಂದು ಹೊರಗಿನಿಂದ ಕರೆಸಿದವನು ಮದ್ದಳೆಯ ಮೇಲೆ ತಲೆ ಇಟ್ಟು ನಕ್ಕ. ಜಲಜಾಕ್ಷಿ ರಾಜಕುಮಾರನ ಗಾಂಭೀರ್ಯ ಉಳಿಸಲು ನೋಡಿ, ಆಗದೆ, ಸೆರಗು ಬಾಯಿಗೆ ಒತ್ತಿಕೊಂಡಳು. ಪೂವಮ್ಮ ಮುಂದಿನ ಮಾತಿಗೆ ಬಾಯಿ ತೆರೆದಳು. ಮಾತಿರಲಿಲ್ಲ. ಒಲೆಯ ಮೇಲೆ ಇಟ್ಟ ಪಾತ್ರೆಯಲ್ಲಿ ನೀರೇ ಇಲ್ಲ ಎಂದು ಗೊತ್ತಾದ ಹಾಗೆ ಆಯಿತು. ಸುರಕ್ಷಾ ಹುಷಾರಿನ ಹುಡುಗಿ, ಮುಂದಿನ ಪದ ಎತ್ತಿಕೊಂಡು ಹಾಡಿಬಿಟ್ಟಳು.

ಅವತ್ತಿನಿಂದ ಅವಳಿಗೆ “ಅರಿ ಅಕ್ಕ” ಎಂದು ಹೆಸರು ಬಿತ್ತು. ಬಸ್ಸಿನಲ್ಲಿ ಕಂಡಕ್ಟರನೂ ಕೇಳಿದ: “ಎಂತ ಅರಿ ಅಕ್ಕ, ನೆರಿಯಕ್ಕಾ?”

“ಅದಕ್ಕೆಲ್ಲ ತಲೆ ಕೆಡಿಸಬೇಡಿ ಪೂವಕ್ಕ,” ಎಂದಳು ಜಲಜಾಕ್ಷಿ. “ನಾನು ಯುದ್ಧದ ನಡುವೆ ‘ಟೈಮ್ ಆಯಿತು’ ಅಂತ ಹೇಳಿದವಳು. ಸತ್ತೆನಾ? ಇಲ್ಲ. ಇನ್ನೂ ಮಾತಾಡ್ತಾ ಇದ್ದೇನೆ.”

“ನಿಮ್ಮ ಬಾಯಿ ನಿಲ್ಲುವ ಬಾಯಿ ಅಲ್ಲ.”

“ಅದನ್ನು ಹೊಗಳಿಕೆ ಅಂತಲೇ ಇಟ್ಟುಕೊಳ್ತೇನೆ.”

ಆದರೆ ಪೂವಮ್ಮನ ಬಾಯಿ ನಿಂತಿತ್ತು. ಕೂಟದ ಮನೆಯಲ್ಲಿ ಅಭ್ಯಾಸಕ್ಕೆ ಕೂತರೂ ಎರಡು ಮಾತು ಬರುತ್ತಿತ್ತು, ಮೂರನೆಯದಕ್ಕೆ ಮೊದಲು ಅವಳೇ ಅದನ್ನು ಒಳಗೇ ಪರೀಕ್ಷೆ ಮಾಡುತ್ತಿದ್ದಳು. ಇದು ತುಳುವಾ? ಇದಕ್ಕೆ ಬೇರೆ ಅರ್ಥ ಉಂಟಾ? ಇದಕ್ಕೆ ನಗುತ್ತಾರಾ? ಅಷ್ಟರಲ್ಲಿ ಮಾತು ತಣ್ಣಗಾಗಿರುತ್ತಿತ್ತು.

ಮಾಸ್ಟ್ರು ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಮಾಡಿದರು. ರಾಣಿಯ ಮಾತೆಲ್ಲ ನಾಲ್ಕು ಪುಟ ಬರೆದು ಕೊಟ್ಟರು. ಪದದಲ್ಲಿಯೂ ಅರಿ ಎಂಬುದನ್ನು ತೆಗೆದು “ಹಗೆಗಳನು ಗೆಲಿದು ಬಾರೈ” ಎಂದು ತಿದ್ದಿದರು. ಪೂವಮ್ಮ ನಾಲ್ಕು ಪುಟ ಬಾಯಿಪಾಠ ಮಾಡಿದಳು. ಫೆಬ್ರವರಿಯಲ್ಲಿ ಪೊಳಲಿಯ ಹತ್ತಿರ ಒಂದು ಮನೆಯ ಅಂಗಳದಲ್ಲಿ ಕೂಟ. ಎರಡೂವರೆ ಪುಟ ಚಂದ ಆಯಿತು. ಅಲ್ಲಿ ಜಲಜಾಕ್ಷಿ ಸುಮ್ಮನಿರಲಾರದೆ ನಡುವೆ ಒಂದು ಪ್ರಶ್ನೆ ಹಾಕಿದಳು: “ಅಮ್ಮಾ, ನಾನು ಹಿಂದಿರುಗಿ ಬಾರದಿದ್ದರೆ?” ಆ ಪ್ರಶ್ನೆ ಪುಟದಲ್ಲಿ ಇರಲಿಲ್ಲ. ಪೂವಮ್ಮನ ಉಳಿದ ಒಂದೂವರೆ ಪುಟ ಎಲ್ಲಿ ಹೋಯಿತೋ ಹೋಯಿತು. ಅವಳು ಜಲಜಾಕ್ಷಿಯ ಮುಖವನ್ನೇ ನೋಡುತ್ತಾ ಕೂತಳು. ಈ ಸಲ ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕಷ್ಟವಾಯಿತು.

ಹಿಂದೆ ಬರುವಾಗ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುತ್ತಾ ಮಾಸ್ಟ್ರು ಹೇಳಿದರು: “ಪೂವಮ್ಮ, ನವೆಂಬರಿನಲ್ಲಿ ಬೆದ್ರದಲ್ಲಿ ಕೂಟ ಉಂಟು.” ಬೆದ್ರ ಎಂದರೆ ಮೂಡುಬಿದಿರೆ. “ದೊಡ್ಡ ಸಭೆ. ಅರ್ಥ ಕೇಳಿ ಕೇಳಿ ಕಿವಿ ಪಳಗಿದ ಜನ. ಇದೇ ಪ್ರಸಂಗ ಬೇಕಂತೆ.”

“ರಾಣಿ ಯಾರು ಮಾಸ್ಟ್ರೇ?”

ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. “ನೀನೇ ಕೂರು. ಅಲ್ಲಿಯೂ ಆಗದಿದ್ದರೆ ಮತ್ತೆ ಚಕ್ರತಾಳ ಹಿಡಿ. ಹಿಮ್ಮೇಳದಲ್ಲಿ ಕೂತರೆ ಮರ್ಯಾದೆಗೆ ಏನೂ ಕಡಿಮೆ ಇಲ್ಲ.”

ಚಕ್ರತಾಳ ಎಂದರೆ ಕಂಚಿನ ಎರಡು ತಾಳ. ಹಾಡಿನ ಜೊತೆ ಅದನ್ನು ಬಡಿಯುತ್ತಾ ಹಿಂದೆ ಕೂರುವುದು, ಅಷ್ಟೆ. ಮಾತಾಡುವ ಹಾಗಿಲ್ಲ. ಪೂವಮ್ಮ “ಆಯಿತು ಮಾಸ್ಟ್ರೇ” ಎಂದಳು. ಮನೆಗೆ ಮುಟ್ಟುವವರೆಗೆ ಆ ತಾಳದ ಸದ್ದು ಕಿವಿಯಲ್ಲಿ ಹೊಡೆಯುತ್ತಾ ಇತ್ತು.

ತುಕ್ರಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದ. “ಎಂತ ಮಾರಾಯ್ತಿ, ಇವತ್ತೂ ಬಾಯಿಗೆ ಬೀಗ ಬಿತ್ತಾ? ನನಗೆ ಒಳ್ಳೆಯದೇ. ಮನೆಯಲ್ಲೂ ಸ್ವಲ್ಪ ಬೀಳಲಿ.”

ಅವಳು ನೇರ ಒಳಗೆ ಹೋಗಿ ಮಲಗಿಬಿಟ್ಟಳು. ತುಕ್ರಪ್ಪನಿಗೆ ಆಗ ಸ್ವಲ್ಪ ಗಾಬರಿಯಾಯಿತು. ಗಂಜಿಗೆ ನೀರು ಅವನೇ ಇಟ್ಟ.

ಫೆಬ್ರವರಿ, ಮಾರ್ಚಿನಲ್ಲಿ ರಬ್ಬರ್ ಮರ ಎಲೆ ಉದುರಿಸುತ್ತದೆ. ಟ್ಯಾಪಿಂಗಿಗೆ ರಜೆ. ಆ ರಜೆಯಲ್ಲಿ ಪೂವಮ್ಮ ಪ್ರಸಂಗದ ಪುಸ್ತಕ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂತಳು. ಒಳ್ಳೆಯ ಮಾತು ಒಂದು ಬರಲಿ, ಅದನ್ನು ಹಿಡಿದು ಮುಂದೆ ಹೋಗುವ ಎಂದು ಕಾದಳು. ಬರಲಿಲ್ಲ. ಕೂತಷ್ಟೂ ಸೊಂಟ ನೋವು ಬಂತು.

ಏಪ್ರಿಲಿನಲ್ಲಿ ಹೊಸ ಎಲೆ ಬಲಿತ ಮೇಲೆ ಕೆಲಸ ಶುರುವಾಯಿತು. ಆ ವರ್ಷ ಬದ್ರುದ್ದೀನರ ತೋಟದಲ್ಲಿ ಮರದ ಹಳೆಯ ಮಗ್ಗುಲು ಮುಗಿದು ಇನ್ನೊಂದು ಮಗ್ಗುಲಿಗೆ ಗೆರೆ ತೆಗೆಯಬೇಕಿತ್ತು. ಹೊಸ ಮಗ್ಗುಲಿನಲ್ಲಿ ಮೊದಲ ದಿನ ಹಾಲು ಬರುವುದಿಲ್ಲ ಎಂದೇ ಹೇಳಬೇಕು. ಬೆವರಿನ ಹಾಗೆ ನಾಲ್ಕು ಹನಿ. ಹೊಸಬರು ಆಗ ಹಾಲು ಬರಲಿ ಎಂದು ಕತ್ತಿಯನ್ನು ಆಳಕ್ಕೆ ಒತ್ತುತ್ತಾರೆ. ಕತ್ತಿ ಮರದ ತಿರುಳಿಗೆ ತಾಗುತ್ತದೆ, ಅಲ್ಲಿ ಗಂಟು ಕಟ್ಟುತ್ತದೆ, ಮತ್ತೆ ಆ ಜಾಗದಲ್ಲಿ ಎಂದಿಗೂ ಕೆತ್ತಲಿಕ್ಕಾಗುವುದಿಲ್ಲ. ಮಾಡಬೇಕಾದದ್ದು ಇಷ್ಟೇ: ಗೆರೆಯಲ್ಲಿ ಒಣಗಿ ಅಂಟಿದ ಹಳೆಯ ಹಾಲಿನ ದಾರವನ್ನು ಎಳೆದು ತೆಗೆಯುವುದು, ಕಾಗದದಷ್ಟು ತೆಳ್ಳಗೆ ತೊಗಟೆ ಸವರುವುದು, ಹಾಲು ಬೀಳುವ ಕಪ್ಪನ್ನು ಸರಿ ಮಾಡಿ ಇಡುವುದು, ಮುಂದಿನ ಮರಕ್ಕೆ ಹೋಗುವುದು. ಬಂದಷ್ಟು ಬಂತು. ಎಂಟು ಹತ್ತು ಸಲ ಹೀಗೆ ಕೆತ್ತಿದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಹಾಲು ಗೆರೆ ತುಂಬಿ ಇಳಿಯುತ್ತಿರುತ್ತದೆ.

ಇಪ್ಪತ್ತೆರಡು ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸ ಅದು. ಅವತ್ತು ಬೆಳಿಗ್ಗೆ ಆರು ಗಂಟೆಗೆ ಹನ್ನೊಂದನೆಯ ಮರದ ಎದುರು ಕತ್ತಿ ಹಿಡಿದು ನಿಂತಾಗ, ನಾಲ್ಕು ಪುಟ ಬಾಯಿಪಾಠ ಮಾಡಿದ್ದು ನೆನಪಾಯಿತು. ಆಳಕ್ಕೆ ಒತ್ತಿದ್ದು, ಎಂದುಕೊಂಡಳು. ಸುತ್ತ ಯಾರೂ ಇರಲಿಲ್ಲ. ಮರಕ್ಕೆ ಹೇಳಿದಳು:

“ಮಗನೇ, ಊಟ ಆಯಿತೇ?”

ಮುಗಿಯಿತು. ಮರ ನಗಲಿಲ್ಲ. ಅವಳು ಮುಂದಿನ ಮರಕ್ಕೆ ಹೋದಳು. “ಮಗನೇ, ನಿನ್ನ ಕುದುರೆಗೆ ನೀರು ಕೊಟ್ಟಿದ್ದಾರೆಯೇ?”

ಅವಳೇ ಕೆಲವು ಕಟ್ಟುಪಾಡು ಮಾಡಿಕೊಂಡಳು. ಒಂದು ಮರಕ್ಕೆ ಒಂದು ಮಾತು. ಕತ್ತಿ ಗೆರೆಯ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಇಳಿಯುವಷ್ಟರಲ್ಲಿ ಮಾತು ಮುಗಿಯಬೇಕು. ಚಂದ ಇಲ್ಲದಿದ್ದರೂ ಸರಿ, ಹಿಂದೆ ಹೋಗಿ ತಿದ್ದುವ ಹಾಗಿಲ್ಲ. ಒಮ್ಮೆ ಹೇಳಿದ್ದನ್ನು ಅವತ್ತು ಮತ್ತೆ ಹೇಳುವ ಹಾಗಿಲ್ಲ. ಅರಿ ಎಂಬ ಶಬ್ದವನ್ನು ಮಾತ್ರ ಅವಳು ಹತ್ತಿರವೂ ಸುಳಿಯಲು ಬಿಡಲಿಲ್ಲ. ತೋಟದ ಮೂಲೆಯಲ್ಲಿ ಜೇನುಹುಳ ಗೂಡು ಕಟ್ಟಿದ ಒಂದು ಮರ ಇತ್ತು, ಅದನ್ನು ಬಿಟ್ಟು ಹೋಗುವ ಹಾಗೆ ಆ ಶಬ್ದವನ್ನೂ ಬಿಟ್ಟು ಹೋಗುತ್ತಿದ್ದಳು.

ಮೊದಲ ದಿನ ಇಪ್ಪತ್ತು ಮರಕ್ಕೆ ಮಾತು ಮುಗಿಯಿತು. ಉಳಿದ ಇನ್ನೂರೆಂಬತ್ತು ಮರಕ್ಕೆ ಸುಮ್ಮನೆ ಕೆತ್ತಿ ಬಂದಳು. ಎರಡನೇ ದಿನ ಹದಿನಾಲ್ಕು. ಮೂರನೇ ದಿನ ಮೂವತ್ತೊಂದು. ಮೇ ತಿಂಗಳಿಡೀ ಹೀಗೇ ಹೆಚ್ಚುಕಮ್ಮಿ. ಎಷ್ಟೋ ದಿನ ರಾಣಿಯ ಮಾತು ಕೋಳಿ, ಒಲೆ, ಮೊಣಗಂಟಿನ ನೋವು ಎಂದು ಎಲ್ಲೆಲ್ಲೋ ಹೋಯಿತು. ಹೋದರೆ ಹೋಗಲಿ, ರಾಣಿಗೂ ಮೊಣಗಂಟು ಇದ್ದೀತು ಎಂದು ಮುಂದಿನ ಮರಕ್ಕೆ ಹೋದಳು.

ತೋಟದ ಬದಿಯಲ್ಲೇ ಬದ್ರುದ್ದೀನರ ಮನೆ. ಅವರ ತಾಯಿ ಬೀಪಾತುಮ್ಮನಿಗೆ ಎಂಬತ್ತರ ಹತ್ತಿರ. ಬೆಳಿಗ್ಗೆ ಹಿತ್ತಿಲ ಮೆಟ್ಟಿಲಲ್ಲಿ ಕೂತು ಚಹಾ ಕುಡಿಯುವುದು ಅವರ ಕ್ರಮ. ಒಂದು ದಿನ ಪೂವಮ್ಮ ಹಾಲಿನ ಬಕೆಟು ಹೊತ್ತು ಬಂದಾಗ ಅವರು ಲೋಟ ಕೆಳಗಿಟ್ಟು ಕೇಳಿದರು:

“ಪೂವಮ್ಮ, ಸತ್ಯ ಹೇಳು. ಮೈಮೇಲೆ ಎಂತಾದರೂ ಬರ್ತದಾ ನಿನಗೆ?”

“ಇಲ್ಲ ಬೀಪಾತುಮ್ಮ! ಯಾಕೆ?”

“ಮತ್ತೆ ಒಂದು ತಿಂಗಳಿಂದ ‘ಮಗನೇ, ಮಗನೇ’ ಅಂತ ನನ್ನ ಮರಕ್ಕೆಲ್ಲ ಬೊಬ್ಬೆ ಹಾಕ್ತಾ ಇದ್ದಿ. ನಾನು ಬದ್ರುನ ಹತ್ತಿರ ಹೇಳಲಿಲ್ಲ. ಅವನು ಹೆದರಿ ಬೇರೆ ಜನ ನೋಡಿಯಾನು.”

ಪೂವಮ್ಮ ಬಕೆಟು ಇಳಿಸಿ ಎಲ್ಲ ಹೇಳಿದಳು. ಪುಂಜಾಲಕಟ್ಟೆಯದ್ದನ್ನೂ ಹೇಳಿದಳು. ಬೀಪಾತುಮ್ಮನಿಗೆ ತುಳು ಚೆನ್ನಾಗಿ ಬರುತ್ತಿತ್ತು. ಅರಿ ಅಳೆಯುವ ಜಾಗಕ್ಕೆ ಬಂದಾಗ ಅವರಿಗೆ ಚಹಾ ನೆತ್ತಿಗೆ ಹತ್ತಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಇನ್ನೊಮ್ಮೆ ನಕ್ಕರು. ಪೂವಮ್ಮನಿಗೂ ನಗು ಬಂತು. ಆ ಮಾತಿಗೆ ಅವಳು ನಕ್ಕದ್ದು ಅದೇ ಮೊದಲು.

ಮರುದಿನದಿಂದ ಬೀಪಾತುಮ್ಮನ ವಿಚಾರಣೆ ಶುರುವಾಯಿತು.

“ಎಂತಾಯ್ತು? ಮಗ ಹೋದನಾ?”

“ಇಲ್ಲ, ಇನ್ನೂ ಬಾಗಿಲಲ್ಲೇ ಇದ್ದಾನೆ.”

“ಇಷ್ಟು ತಡ ಮಾಡಿದರೆ ಯುದ್ಧ ಮುಗಿದೀತು ಮಾರಾಯ್ತಿ.”

ಜೂನಿನಲ್ಲಿ ಮಳೆ ಹಿಡಿಯಿತು. ಮರಗಳಿಗೆ ಪ್ಲಾಸ್ಟಿಕ್ಕಿನ ಲಂಗ ಕಟ್ಟಿದರು, ಗೆರೆಗೆ ನೀರು ಬೀಳದ ಹಾಗೆ. ಜೋರು ಮಳೆಯ ದಿನ ಕೆಲಸ ಇಲ್ಲ. ಅಂಥ ದಿನವೂ ಪೂವಮ್ಮ ಆರು ಗಂಟೆಗೆ ಎದ್ದು, ತನ್ನ ಮನೆಯ ಕೊಟ್ಟಿಗೆಯಲ್ಲಿ, ಬದ್ರುದ್ದೀನರಲ್ಲಿ ಜಾಗ ಸಾಲದೆ ಒಣಗಲು ತಂದು ನೇತುಹಾಕಿದ ರಬ್ಬರ್ ಶೀಟುಗಳ ಎದುರು ನಿಂತು ಒಂದೊಂದು ಶೀಟಿಗೆ ಒಂದೊಂದು ಮಾತು ಹೇಳುತ್ತಿದ್ದಳು. ಶೀಟು ಗಾಳಿಗೆ ಅಲ್ಲಾಡುವುದರಿಂದ ಕೇಳಿದ ಹಾಗೆ ಕಾಣುತ್ತಿತ್ತು. ತುಕ್ರಪ್ಪ ಕಂಬಳಿಯೊಳಗಿಂದ ಕೂಗಿದ: “ಆ ಶೀಟಿಗೆ ಹೇಳುವ ಬದಲು ನನಗೆ ಹೇಳಬಾರದಾ?”

“ನೀವು ನಡುವೆ ಬಾಯಿ ಹಾಕ್ತೀರಿ.”

ತುಕ್ರಪ್ಪ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ.

ಆಗಸ್ಟಿನಲ್ಲಿ ಎರಡು ವಾರ ಮತ್ತೆ ಏನೂ ಬರಲಿಲ್ಲ. ಮಾತು ಇದ್ದಕ್ಕಿದ್ದಂತೆ ಬತ್ತಿತು. ಮೊದಲಾದರೆ ಅವಳು ಹೆದರುತ್ತಿದ್ದಳು. ಈಗ “ಬಾ”, “ಕೂರು”, “ಹೌದು” ಎಂದು ಒಂದೊಂದೇ ಶಬ್ದ ಹೇಳಿ ಮುನ್ನೂರು ಮರ ದಾಟಿದಳು. ಆ ದಿನಗಳಲ್ಲೇ ಒಮ್ಮೆ ಬೀಪಾತುಮ್ಮ ಹೇಳಿದರು:

“ಒಂದು ಕೇಳ್ತೇನೆ, ಬೇಸರ ಮಾಡಬೇಡ. ಮಗ ಹೊರಟು ನಿಂತಾಗ ತಾಯಿ ಅಷ್ಟೆಲ್ಲ ಚಂದದ ಮಾತು ಹೇಳ್ತಾಳಾ? ಬದ್ರು ಮೊದಲ ಸಲ ದುಬೈಗೆ ಹೋದದ್ದು ಹತ್ತೊಂಬತ್ತು ವರ್ಷದಲ್ಲಿ. ಕಾರು ಬಂದು ನಿಂತಿತ್ತು. ನನಗೆ ಹೇಳ್ಲಿಕ್ಕೆ ಎಷ್ಟೋ ಇತ್ತು. ಬಾಯಿಗೆ ಬಂದದ್ದು ಒಂದೇ. ‘ಅಲ್ಲಿ ಕುಚ್ಚಲಕ್ಕಿ ಸಿಗ್ತದಾ?’ ಅಂತ ಕೇಳಿದೆ.”

“ಅವರು ಎಂತ ಹೇಳಿದ್ರು?”

“ಗೊತ್ತಿಲ್ಲ ಅಂತ ಹೇಳಿದ. ಹೋದ. ಮರುದಿನ ಅಕ್ಕಿ ಅಳೆಯುವಾಗ ಅವನದ್ದೂ ಸೇರಿಸಿ ಅಳೆದೆ. ಒಂದು ತಿಂಗಳು ಹಾಗೇ ಆಯ್ತು. ದಿನಾ ಅನ್ನ ಮಿಕ್ಕುವುದು, ಕೋಳಿಗೆ ಹಾಕುವುದು.” ಬೀಪಾತುಮ್ಮ ಲೋಟ ಎತ್ತಿ ಒಳಗೆ ಹೋದರು.

ಪೂವಮ್ಮ ಬಕೆಟು ಹೊತ್ತು ಶೀಟು ಮಾಡುವ ಮನೆಗೆ ಹೋದಳು. ಆಸಿಡ್ ಹಾಕಿ, ಹಾಲು ಕಲಸಿ, ತಟ್ಟೆಗೆ ಹೊಯ್ದಳು. ಬೀಪಾತುಮ್ಮನ ಮಾತು ಅಲ್ಲಿಗೇ ಮರೆತುಹೋಯಿತು.

ಅಕ್ಟೋಬರಿಗೆ ಮುನ್ನೂರು ಮರಕ್ಕೆ ಮುನ್ನೂರು ಮಾತು ಮುಗಿದು, ಮನೆಗೆ ಬರುವ ದಾರಿಯಲ್ಲಿ ಇನ್ನೂ ನಾಲ್ಕೈದು ಮಾತು ಉಳಿಯುತ್ತಿತ್ತು. ಅವು ಒಳ್ಳೆಯ ಮಾತೋ ಕೆಟ್ಟ ಮಾತೋ ಎಂದು ನೋಡುವ ಅಭ್ಯಾಸ ಅವಳಿಗೆ ತಪ್ಪಿಹೋಗಿತ್ತು. ಬೆಳ್ತಂಗಡಿಯ ಅಭ್ಯಾಸದಲ್ಲಿ ಅವಳು ನಿಲ್ಲದೆ ಹತ್ತು ನಿಮಿಷ ಮಾತಾಡಿದಳು. ಮಾಸ್ಟ್ರು ಇನ್ನೊಂದು ಚಹಾ ತರಿಸಿದರು. ಆದರೆ ಅಭ್ಯಾಸದ ಕೋಣೆಯಲ್ಲಿ ಆರು ಜನ, ಅದರಲ್ಲಿ ಒಬ್ಬರು ಚಹಾ ತಂದವರು. ಬೆದ್ರದಲ್ಲಿ ಹಾಗಲ್ಲ.

ನವೆಂಬರಿನ ಆ ಶನಿವಾರ ಬೆಳಿಗ್ಗೆಯೂ ಪೂವಮ್ಮ ತೋಟಕ್ಕೆ ಹೋಗಿ ಮುನ್ನೂರು ಮರ ಮುಗಿಸಿ, ಸ್ನಾನ ಮಾಡಿ, ವೇಣೂರು ದಾರಿಯಾಗಿ ಹೋಗುವ ಬಸ್ಸು ಹಿಡಿದಳು. ಮೂಡುಬಿದಿರೆಯ ಸಭಾಭವನದಲ್ಲಿ ಮೂರು ಗಂಟೆಗೇ ಕುರ್ಚಿ ತುಂಬಿತ್ತು. ಮುಂದಿನ ಸಾಲಿನಲ್ಲಿ ಬಿಳಿ ಕೂದಲಿನ ಗಂಡಸರು ಕೈ ಕಟ್ಟಿ ಕೂತಿದ್ದರು. ಹಿಂದಿನ ಸಾಲಿನಲ್ಲಿ ಪುಂಜಾಲಕಟ್ಟೆಯ ನಾಲ್ಕೈದು ಮುಖಗಳು. ಒಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಕ್ಕ. ವೇದಿಕೆಯ ಮೂಲೆಯಲ್ಲಿ ಚಕ್ರತಾಳ ಒಂದು ಬಟ್ಟೆಯ ಮೇಲೆ ಇತ್ತು. ಅದನ್ನು ಬಡಿಯುವವರು ಇನ್ನೂ ಬಂದು ಕೂತಿರಲಿಲ್ಲ.

ಮೊದಲ ಅರ್ಧ ಗಂಟೆ ಏನೂ ತೊಂದರೆ ಇಲ್ಲದೆ ಹೋಯಿತು. ಜಲಜಾಕ್ಷಿ ಕೇಳಿದ್ದಕ್ಕೆಲ್ಲ ಪೂವಮ್ಮ ಉತ್ತರ ಕೊಟ್ಟಳು. ಬಿಳಿ ಕೂದಲಿನವರಲ್ಲಿ ಒಬ್ಬರು ಕೈ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಮಗ ಹೊರಡುವ ಪದ ಬಂತು. ಅದು ರಾಣಿಯ ಕೊನೆಯ ಅರ್ಥ, ಪ್ರಸಂಗದ ದೊಡ್ಡ ಅರ್ಥ. ಸುರಕ್ಷಾ ಕಣ್ಣು ಮುಚ್ಚಿ ಹಾಡಿದಳು. ಕಣ್ಣು ಮುಚ್ಚಿದ್ದೇ ತಪ್ಪಾಯಿತು. ತಿದ್ದಿದ ಪದ ಪುಸ್ತಕದಲ್ಲಿತ್ತು, ಹಳೆಯ ಪದ ಬಾಯಲ್ಲಿತ್ತು.

“ಅರಿಕುಲವನಳಿದು ಬಾರೈ ಕಂದಾ…”

ಹಾಡಿದ ಮೇಲೆ ಅವಳಿಗೆ ಗೊತ್ತಾಯಿತು. ಕಣ್ಣು ತೆರೆದು ಪೂವಮ್ಮನನ್ನು ನೋಡಿದಳು. ಜಲಜಾಕ್ಷಿ ತಾನೇ ಮಾತು ಎತ್ತಿಕೊಳ್ಳಲೇ ಎಂದು ಹುಬ್ಬಿನಲ್ಲೇ ಕೇಳಿದಳು. ಮಾಸ್ಟ್ರು ಬದಿಯಲ್ಲಿ ಎದ್ದು ನಿಂತರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಅದು ಕೆಮ್ಮಲ್ಲ.

ಪೂವಮ್ಮನ ಒಳಗೆ ಆ ಹಳೆಯ ಖಾಲಿತನ ಬಂದು ನಿಂತಿತು. ಅವಳು ಅದನ್ನು ಗುರುತು ಹಿಡಿದಳು. ಏಪ್ರಿಲಿನಿಂದ ಅದನ್ನು ದಿನಾ ನೋಡಿದ್ದಳು, ಎಷ್ಟೋ ಮರದ ಎದುರು. ಅಲ್ಲಿ ಮಾಡಿದ್ದನ್ನೇ ಮಾಡಿದಳು. ತೊಡೆಯ ಮೇಲಿದ್ದ ಬಲಗೈ, ಯಾರಿಗೂ ಕಾಣದಷ್ಟು, ಎಡದಿಂದ ಬಲಕ್ಕೆ ಇಳಿಜಾರಾಗಿ ಒಮ್ಮೆ ಸರಿಯಿತು. ಬಂದ ಮಾತನ್ನು ಹೇಳಿದಳು.

“ಮಗನೇ, ಅರಿಯನ್ನು ಅಳಿದು ಬಾ ಎನ್ನುತ್ತದೆ ಅರಮನೆ. ಅರಮನೆಯ ನುಡಿಯಲ್ಲಿ ಅರಿ ಎಂದರೆ ಹಗೆ. ಆದರೆ ನಾನು ಹುಟ್ಟಿದ್ದು ಅರಮನೆಯಲ್ಲಲ್ಲ. ನನ್ನ ತವರು ಘಟ್ಟದ ಬುಡದಲ್ಲಿ. ಅಲ್ಲಿಯ ನುಡಿಯಲ್ಲಿ ಅರಿ ಎಂದರೆ ಅಕ್ಕಿ.”

ಸಭೆಯಲ್ಲಿ ನಗು ಎದ್ದಿತು. ಅವಳು ಅದು ಇಳಿಯುವವರೆಗೆ ಕಾದಳು. ಮುಂದಿನ ಮರಕ್ಕೆ ನಡೆಯುವಷ್ಟು ಹೊತ್ತು.

“ನಗು ಮಗನೇ, ನಗು. ನಿನ್ನ ತಂದೆ ಬದುಕೆಲ್ಲ ಅರಿಯನ್ನು ಅಳಿದರು. ನಾನು ಬದುಕೆಲ್ಲ ಅರಿಯನ್ನು ಅಳೆದೆ. ಎಷ್ಟು ಸೇರು ಎಂದು ಹಿಂದೊಮ್ಮೆ ಯಾರೋ ಕೇಳಿದ್ದರು. ಆಗ ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ. ನಿನಗೆ ಹಲ್ಲು ಬಂದಾಗ ಒಂದು ಹಿಡಿ. ನೀನು ಅಂಗಳ ದಾಟಿ ಓಡಲು ಕಲಿತಾಗ ಒಂದು ಪಾವು. ಬಿಲ್ಲು ಎತ್ತಿದ ವರ್ಷ ಅರ್ಧ ಸೇರಿಗೂ ನಿನ್ನ ಹಸಿವು ನಿಲ್ಲಲಿಲ್ಲ. ನೀನು ಎಷ್ಟು ಬೆಳೆದೆ ಎಂದು ಅರಮನೆಯ ಕಂಬಕ್ಕೆ ಗೊತ್ತಿಲ್ಲ, ನನ್ನ ಕೈಗೆ ಗೊತ್ತಿದೆ.”

ಹಿಂದಿನ ಸಾಲಿನಲ್ಲಿ ನಕ್ಕವನು ಈಗ ಮುಂದಕ್ಕೆ ಬಾಗಿ ಕೂತಿದ್ದ.

“ನೀನು ಅರಿಯನ್ನು ಅಳಿಯಲು ಹೊರಟಿದ್ದೀಯ. ಹೋಗು, ತಡೆಯುವುದಿಲ್ಲ. ನಾಳೆ ಬೆಳಿಗ್ಗೆ ನಾನು ಅಕ್ಕಿಯ ಮುಡಿ ಬಿಚ್ಚಿ ಕೂರುತ್ತೇನೆ. ನನ್ನ ಕೈ ಎಷ್ಟಕ್ಕೆ ನಿಲ್ಲಬೇಕು? ನಿನ್ನನ್ನು ಸೇರಿಸಿ ಅಳೆಯಲೇ, ಬಿಟ್ಟು ಅಳೆಯಲೇ? ಅದೊಂದನ್ನು ಹೇಳಿ ಹೋಗು.”

ಮಾತು ಮುಗಿಯಿತು. ಈಗ ಜಲಜಾಕ್ಷಿ ಹೇಳಬೇಕು. ಯಾವ ಸಭೆಯಲ್ಲೂ ಉತ್ತರಕ್ಕೆ ತಡಕಾಡದವಳು ಸ್ವಲ್ಪ ಹೊತ್ತು ಚಾಪೆಯ ಅಂಚನ್ನೇ ನೋಡುತ್ತಾ ಕೂತಳು. ಆಮೇಲೆ ಸ್ವರ ತಗ್ಗಿಸಿ ಹೇಳಿದಳು:

“ಸೇರಿಸಿಯೇ ಅಳೆ, ಅಮ್ಮಾ.”

ಸುರಕ್ಷಾ ಮಂಗಳ ಹಾಡುವವರೆಗೆ ಯಾರೂ ಏಳಲಿಲ್ಲ. ಮುಗಿದ ಮೇಲೆ ಸುರಕ್ಷಾ ಓಡಿ ಬಂದು ಪೂವಮ್ಮನ ಕೈ ಹಿಡಿದು, “ಪೂವಕ್ಕ, ನನ್ನಿಂದ ತಪ್ಪಾಯ್ತು, ದೇವರಾಣೆ ಬೇಕಂತ ಮಾಡಿದ್ದಲ್ಲ” ಎಂದು ಅತ್ತಳು. ಜಲಜಾಕ್ಷಿ ಅವಳನ್ನು ಬದಿಗೆ ಸರಿಸಿ, “ಅಲ್ಲ ಪೂವಕ್ಕ, ಇಂಥದ್ದು ಹೇಳುವ ಮೊದಲು ಒಂದು ಸೂಚನೆ ಕೊಡಬಾರದಾ? ನನ್ನ ಬಾಯಿ ಕಟ್ಟಿದ್ದು ಇದೇ ಮೊದಲು. ನನ್ನ ಗಂಡನಿಗೆ ಗೊತ್ತಾದರೆ ನಿಮಗೆ ಸನ್ಮಾನ ಮಾಡ್ತಾರೆ” ಎಂದಳು. ಪುಂಜಾಲಕಟ್ಟೆಯವರಲ್ಲಿ ಒಬ್ಬ ದೂರದಲ್ಲೇ ನಿಂತು ನೋಡಿ, ಹತ್ತಿರ ಬಾರದೆ, ತಲೆ ಬಗ್ಗಿಸಿ ಹೋದ.

ಮಾಸ್ಟ್ರು ಎಲ್ಲರ ನಂತರ ಬಂದರು. ಚಕ್ರತಾಳವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಾ ಹೇಳಿದರು: “ಜನವರಿಗೆ ಬಂಟ್ವಾಳದಲ್ಲಿ ಒಂದು ಉಂಟು. ನಿನಗೆ ಈ ಸಲ ರಾಣಿ ಇಲ್ಲ.”

ಪೂವಮ್ಮ ಚೀಲದೊಳಗೆ ಹೋದ ತಾಳವನ್ನು ನೋಡಿದಳು.

“ದೂತನ ಪಾತ್ರ. ವೈರಿಯ ಸಭೆಗೆ ಹೋಗಿ ಒಬ್ಬನೇ ಮಾತಾಡಬೇಕು. ಒಂದು ಗಂಟೆ.”

ಭಾನುವಾರ ಬೆಳಿಗ್ಗೆ ಬೀಪಾತುಮ್ಮ ಮೆಟ್ಟಿಲಲ್ಲಿ ಎಂದಿಗಿಂತ ಮೊದಲೇ ಬಂದು ಕೂತಿದ್ದರು. ಪೂವಮ್ಮ ಕತ್ತಿ ಹಿಡಿದು ತೋಟಕ್ಕೆ ಇಳಿಯುವಾಗಲೇ ತಡೆದು ಕೇಳಿದರು:

“ಮಗ ಹೋದನಾ?”

“ಹೋದ. ನೀವು ಹೇಳಿದ ಅಕ್ಕಿಯ ಮಾತನ್ನೇ ಅವನ ಹತ್ತಿರ ಕೇಳಿದೆ.”

“ಎಂತ ಹೇಳಿದ?”

“ಸೇರಿಸಿ ಅಳೆ ಅಂತ ಹೇಳಿ ಹೋದ.”

ಬೀಪಾತುಮ್ಮ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡರು. “ಒಳ್ಳೆಯ ಹುಡುಗ,” ಎಂದರು. “ನನ್ನವನಿಗೆ ಅದು ಹೇಳ್ಲಿಕ್ಕೆ ಗೊತ್ತಾಗಲಿಲ್ಲ.”

ಪೂವಮ್ಮ ಮೊದಲ ಮರದ ಎದುರು ನಿಂತಳು. ಒಣಗಿದ ಹಾಲಿನ ದಾರ ಎಳೆದು ಚೀಲಕ್ಕೆ ಹಾಕಿದಳು. ಕತ್ತಿ ಗೆರೆಗೆ ಇಟ್ಟಳು. ವೈರಿಯ ಸಭೆಗೆ ಬಂದ ದೂತ ಮೊದಲು ಏನು ಹೇಳುತ್ತಾನೆ? ಒಂದೂ ಹೊಳೆಯಲಿಲ್ಲ. ಕತ್ತಿ ಕೆಳಗಿನ ತುದಿಗೆ ಬಂದೇಬಿಟ್ಟಿತು.

“ಬಂದೆ,” ಎಂದಳು ಮರಕ್ಕೆ, ಎರಡನೆಯ ಮರಕ್ಕೆ ಹೋದಳು.